ಮೇಷ್ಟ್ರ ಮನೆ ಮುಂದೆ ಇಳಿಯುವ ಕಷ್ಟ

ಸೈಕಲ್ ತುಳಿಯುವುದು ಕಷ್ಟ ಎನ್ನುವವರು ಇಳಿಯುವ ಕಷ್ಟವನ್ನು ಕಂಡವರಲ್ಲ. ಭದ್ರಾವತಿಯ ಹಳೇ ಊರಿನಿಂದ ನ್ಯೂ ಟೌನ್‌ನ ಆಫೀಸಿಗೆ ನಾನು ಒಂಬತ್ತು ವರ್ಷ ಸೈಕಲ್ ತುಳಿದಿದ್ದೇನೆ. ಏರು, ಎದುರುಗಾಳಿ, ಲಾರಿಯ ಹೊಗೆ ಯಾವುದೂ ನನ್ನನ್ನು ಅಲುಗಾಡಿಸಲಿಲ್ಲ. ಅಲುಗಾಡಿಸಿದ್ದು ಮರ್ಯಾದೆ. ದಾರಿಯಲ್ಲಿ ಮೇಷ್ಟ್ರು ಕಂಡರೆ ಸೈಕಲ್ಲಿನಿಂದ ಇಳಿಯಬೇಕು, ನಮಸ್ಕಾರ ಹೇಳಬೇಕು, ನಾಲ್ಕು ಹೆಜ್ಜೆ ತಳ್ಳಿಕೊಂಡು ಹೋಗಿ ಆಮೇಲೆ ಹತ್ತಬೇಕು. ಹುಡುಗನಾಗಿದ್ದಾಗ ಒಮ್ಮೆ ಸೀಟಿನ ಮೇಲೆ ಕೂತೇ ಕೈಮುಗಿಯಲು ಹೋಗಿ ಚರಂಡಿಗೆ ಬಿದ್ದಿದ್ದೆ. ಅಪ್ಪ ಮೊದಲು ಬೈದು ಮುಗಿಸಿದರು, ಆಮೇಲೆ ಎತ್ತಿದರು. ಸ್ಕೂಟರಿನವರಿಗೆ ಈ ನಿಯಮವೇಕೋ ಅನ್ವಯಿಸುವುದಿಲ್ಲ. ಅವರು ಹೆಲ್ಮೆಟ್ಟಿಲ್ಲದ ತಲೆಯನ್ನು ಒಂದಿಷ್ಟು ಬಾಗಿಸಿದರೆ ಆಯಿತು.

ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮೇಷ್ಟ್ರ ಮನೆ. ನಿವೃತ್ತರಾದ ಮೇಲೆ ಅವರು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದರು. ಒಂದು ದಿನವಾದರೂ ಒಳಗಿರಬಾರದೇ ಎಂದು ನಾನು ದಿನವೂ ಬೇಡಿಕೊಳ್ಳುತ್ತಿದ್ದೆ, ದಿನವೂ ಇರುತ್ತಿದ್ದರು. ಅವರ ಕಣ್ಣು ತಪ್ಪಿಸಿಕೊಂಡು ಹೋಗೋಣವೆಂದರೆ ನನ್ನ ಸೈಕಲ್ಲಿನ ಹಿಂದಿನ ಮಡ್‌ಗಾರ್ಡು ಸೇತುವೆಯ ಮೇಲೆಯೇ ಲಟಲಟ ಎಂದು ಡಂಗುರ ಹೊಡೆಯುತ್ತಿತ್ತು. ಸರಿ, ಇಳಿಯುತ್ತಿದ್ದೆ. "ಏನಪ್ಪಾ, ಆಫೀಸಿಗಾ?" ಎನ್ನುತ್ತಿದ್ದರು. "ಹೌದು ಸಾರ್." "ಮಳೆ ಬರೋ ಹಾಗಿದೆ." "ಹೌದು ಸಾರ್." ಆಮೇಲೆ ಇಬ್ಬರಿಗೂ ಮಾತಿರುತ್ತಿರಲಿಲ್ಲ. ಆದರೂ ನಾನು ನಿಂತೇ ಇರುತ್ತಿದ್ದೆ, ಅವರು ಕೂತೇ ಇರುತ್ತಿದ್ದರು. ಮೊದಲು ಹೊರಡುವುದು ಅಗೌರವವಲ್ಲವೇ? ನಾನು ಕೈಗಡಿಯಾರ ನೋಡಲಾಗದೆ ಚಡಪಡಿಸುತ್ತಿದ್ದೆ. ಅವರು ಮನೆಯ ಬಾಗಿಲ ಕಡೆ ತಿರುಗಿ ತಿರುಗಿ ನೋಡುತ್ತಿದ್ದರು. ಕೊನೆಗೆ ಬಿಡುಗಡೆಯಾಗಿ ಒಂದು ಕಾಲನ್ನು ಪೆಡಲಿನ ಮೇಲಿಟ್ಟು ಕುಂಟುತ್ತಾ ಕುಂಟುತ್ತಾ ಹತ್ತುವಷ್ಟರಲ್ಲಿ, ಹತ್ತರಲ್ಲಿ ನಾಲ್ಕು ದಿನ ಚೈನು ಕಳಚುತ್ತಿತ್ತು.

ಆಫೀಸಿನಲ್ಲಿ ಹತ್ತೂ ಹತ್ತಕ್ಕೆ ಹಾಜರಿ ಪುಸ್ತಕ ಸಾಹೇಬರ ಕೋಣೆಗೆ ಹೋಗುತ್ತಿತ್ತು. ಅದನ್ನು ಹಿಂಬಾಲಿಸಿ ಒಳಗೆ ಹೋದವನಿಗೆ ಕೆಂಪು ಗೆರೆ. ಮೂರು ಗೆರೆ ಬಿದ್ದರೆ ಒಂದು ದಿನದ ರಜೆ ಕಟ್. ಆ ತಿಂಗಳು ಆಗಲೇ ಎರಡು ಬಿದ್ದಿದ್ದವು. ಉಳಿದಿದ್ದುದು ಒಂದೇ ರಜೆ. ಅದನ್ನು ಶಿವಮೊಗ್ಗದ ರಾಗಿಗುಡ್ಡದಲ್ಲಿರುವ ನಾದಿನಿಯ ಸೀಮಂತಕ್ಕೆಂದು ನನ್ನ ಹೆಂಡತಿ ತೆಗೆದಿರಿಸಿದ್ದಳು. ರಜೆ ನನ್ನದು, ತೆಗೆದಿರಿಸುವವಳು ಅವಳು. "ನಮ್ಮ ಮನೆಯವ್ರ ಯಾವ ಫಂಕ್ಷನ್‌ಗೆ ಬಂದಿದೀರಿ ಹೇಳಿ? ಈ ಸಲ ತಪ್ಪಿಸಿದ್ರೆ ನೋಡಿ ಮತ್ತೆ" ಎಂದಿದ್ದಳು. ನೋಡುವುದೇನೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಯೋಚಿಸಿ ಯೋಚಿಸಿ ಸೈಕಲ್ಲನ್ನು ಬಾಷಾನ ಅಂಗಡಿಗೆ ಒಯ್ದೆ. ಸದ್ದಿಲ್ಲದಿದ್ದರೆ ಮೇಷ್ಟ್ರು ತಲೆಯೆತ್ತುವಷ್ಟರಲ್ಲಿ ದಾಟಿಬಿಡಬಹುದು ಎಂಬುದು ನನ್ನ ಲೆಕ್ಕಾಚಾರ. ಇಂಥ ಲೆಕ್ಕಗಳಿಗೇ ಅವರು ನನಗೆ ಸೊನ್ನೆ ಕೊಡುತ್ತಿದ್ದರು. ಬಾಷಾ ಮಡ್‌ಗಾರ್ಡನ್ನು ಬಿಗಿದ, ಚೈನಿಗೆ ಎಣ್ಣೆ ಕುಡಿಸಿದ, ಎತ್ತಿ ಕುಕ್ಕಿ ತೋರಿಸಿದ. "ಇನ್ನು ಸದ್ದು ಬಂದ್ರೆ ನನ್ನ ಹೆಸರು ಬದಲಾಯಿಸಿ ಸಾಬ್" ಎಂದ.

ಮರುದಿನ ಕಳ್ಳನಂತೆ ಸೇತುವೆ ದಾಟಿ ನೋಡಿದರೆ ಬೆಂಚು ಖಾಲಿ! ಎಂಥ ಅದೃಷ್ಟವೆಂದು ಹಾರಿಕೊಂಡು ಹೋದೆ. ಹತ್ತಕ್ಕೆ ಐದು ನಿಮಿಷವಿರುವಾಗಲೇ ಸಹಿ ಹಾಕಿದೆ. ಎರಡನೆಯ ದಿನವೂ ಖಾಲಿ. ಅಂದು ಸಹಿ ಹಾಕುವಾಗ ಮನಸ್ಸಿಗೆ ಏನೋ ಕಸಿವಿಸಿ. ಮೂರನೆಯ ದಿನವೂ ಖಾಲಿಯಾಗಿದ್ದಾಗ ನನಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ಎಪ್ಪತ್ತು ದಾಟಿದ ಜೀವ. ಬಿದ್ದರೋ, ಜ್ವರವೋ? ದಿನವೂ ಅವರು ಒಳಗಿರಲಿ ಎಂದು ಬೇಡಿಕೊಂಡವನು ನಾನೇ ಅಲ್ಲವೇ? ನನ್ನ ಪ್ರಾರ್ಥನೆ ಯಾವತ್ತೂ ಫಲಿಸಿದ್ದಿಲ್ಲ, ಇದೇ ಫಲಿಸಬೇಕೇ?

ನಾಲ್ಕನೆಯ ದಿನ ಮೂರನೆಯ ಗೆರೆಯ ಭಯ ಬೆನ್ನಿಗಿದ್ದರೂ ಇಳಿದು ಗೇಟು ತೆಗೆದು ಒಳಗೆ ಹೋದೆ. ಮೇಷ್ಟ್ರು ಮಣೆಯ ಮೇಲೆ ಕೂತು ದೋಸೆ ತಿನ್ನುತ್ತಿದ್ದರು. ಮುಖದಲ್ಲಿ ನಾನು ಎಂದೂ ಕಾಣದ ಕಳೆ ಇತ್ತು.

"ಸಾರ್, ಹುಷಾರಾಗಿದೀರಾ? ಮೂರು ದಿನದಿಂದ ಕಾಣ್ಲಿಲ್ಲ..."

"ನೀನು ಊರಲ್ಲೇ ಇದೀಯೇನೋ ಮಾರಾಯ? ನಿನಗೆ ಟ್ರಾನ್ಸ್‌ಫರ್ ಆಯ್ತು ಅಂದ್ಕೊಂಡಿದ್ವಲ್ಲ!"

ಅಡುಗೆಮನೆಯಿಂದ ಅವರ ಮನೆಯವರು ಸಟ್ಟುಗದ ಸಮೇತ ಹೊರಬಂದರು. "ಬಾಪ್ಪಾ. ನಿನ್ನ ಸೈಕಲ್ ಸದ್ದು ಕೇಳಿದ್ರೆ ಸಾಕು, ಇವ್ರು ಅರ್ಧ ದೋಸೆ ಬಿಟ್ಟು ಕೈ ತೊಳ್ಕೊಂಡು ಓಡೋರು. ಪಾಪ, ಅವನು ದಿನಾ ಇಳೀತಾನೆ, ಯಾರೂ ಇಲ್ದಿದ್ರೆ ಬೇಜಾರು ಮಾಡ್ಕೋತಾನೆ ಅಂತ. ವಾಪಸ್ ಬರೋಷ್ಟ್ರಲ್ಲಿ ದೋಸೆ ಆರಿ ಚರ್ಮ ಆಗಿರೋದು. ಈ ಮೂರು ದಿನ ಬಿಸಿಬಿಸಿ ತಿಂದ್ರು ನೋಡು."

ನಾನು ಮಡ್‌ಗಾರ್ಡಿನ ಕಥೆಯನ್ನೆಲ್ಲ ಒಪ್ಪಿಕೊಂಡೆ. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಗಾದ್ರೆ ಇನ್ಮೇಲೆ ನೀನೂ ಇಳೀಬೇಡ, ನಾನೂ ಏಳಲ್ಲ. ಲೆಕ್ಕ ಸರಿಹೋಯ್ತು" ಎಂದರು. ನನಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು. ಬೇಜಾರಾಯಿತು. ಇಷ್ಟು ವರ್ಷ ನಾನು ಅವರಿಗೆ ಗೌರವ ಕೊಡುತ್ತಿದ್ದೇನೆ ಎಂದುಕೊಂಡಿದ್ದರೆ, ಅವರು ನನಗೆ ದಾಕ್ಷಿಣ್ಯ ಮಾಡುತ್ತಿದ್ದರು! ಅಷ್ಟರಲ್ಲಿ ನನ್ನ ಮುಂದೆಯೂ ದೋಸೆ ಬಂತು. ಬೇಡವೆನ್ನಲಾಗಲಿಲ್ಲ. ಎರಡು ತಿಂದೆ. ಆಫೀಸಿನಲ್ಲಿ ಮೂರನೆಯ ಕೆಂಪು ಗೆರೆ ನನಗಾಗಿ ಕಾದಿತ್ತು.

ಹೆಂಡತಿಗೆ ಹೇಳಿದಾಗ ಅವಳು ಬೈಯಲಿಲ್ಲ, ಬೈದಿದ್ದರೆ ವಾಸಿಯಾಗಿತ್ತು. "ಇಳಿದೂ ಇಳಿದೂ ಲೇಟಾಗ್ತಿದ್ರಿ. ಇನ್ನು ಇಳೀಬೇಡ ಅಂತ ಹೇಳಿಸ್ಕೊಳ್ಳೋಕೆ ಹೋಗಿ ರಜಾನೂ ಕಳ್ಕೊಂಡ್ರಾ? ಬಿಡಿ, ನಾನೊಬ್ಳೇ ಬಸ್ಸಲ್ಲಿ ಹೋಗ್ತೀನಿ" ಎಂದಳು.

ಸೀಮಂತದ ದಿನ ಅವಳು ರೇಷ್ಮೆ ಸೀರೆಯುಟ್ಟು, ನನ್ನ ಕಡೆ ನೋಡದೆ, ಏಳೂವರೆಯ ಬಸ್ಸು ಹತ್ತಿದಳು. ಖಾಲಿ ಮನೆಯಲ್ಲಿ ಕೂರಲಾಗದೆ ನಾನೂ ಬೇಗ ಹೊರಟೆ. ಮೇಷ್ಟ್ರ ಗೇಟಿನ ಹತ್ತಿರ ಬಂದಾಗ ಇನ್ನೂ ಒಂಬತ್ತೇಕಾಲು. ಕಾಲು ತನ್ನಷ್ಟಕ್ಕೆ ಕೆಳಗಿಳಿಯಿತು. ಬೆಂಚು ಖಾಲಿ. ಒಳಗಿನಿಂದ ಹಂಚಿನ ಮೇಲೆ ಹಿಟ್ಟು ಹುಯ್ದ ಸದ್ದು ಚುಂಯ್ ಎಂದು ಕೇಳಿತು. ಒಮ್ಮೆ ಕೆಮ್ಮಿದೆ. ಯಾರೂ ಬರಲಿಲ್ಲ. ಮೇಷ್ಟ್ರ ಮನೆ ಮುಂದೆ ಬೆಲ್ ಹೊಡೆಯುವಷ್ಟು ಮರ್ಯಾದೆಗೆಟ್ಟವನಲ್ಲ ನಾನು. ಆಚೀಚೆ ನೋಡಿ, ಸೈಕಲ್ಲಿನ ಹಿಂಬದಿಯನ್ನು ಎತ್ತಿ ನೆಲಕ್ಕೆ ಕುಕ್ಕಿದೆ. ಬಾಷಾನ ಕೈಕೆಲಸ, ತುಟಿಪಿಟಕ್ಕೆನ್ನಲಿಲ್ಲ. ಸರಿ ಮಾಡಿದ್ದನ್ನು ಮತ್ತೆ ಒಂಚೂರು ಕೆಡಿಸಿಕೊಡು ಎಂದು ಅವನನ್ನು ಯಾವ ಬಾಯಲ್ಲಿ ಕೇಳುವುದೆಂದು ಯೋಚಿಸುತ್ತಾ ಆಫೀಸು ಮುಟ್ಟಿದರೆ, ಬಾಗಿಲ ಬೀಗವನ್ನೇ ಇನ್ನೂ ತೆಗೆದಿರಲಿಲ್ಲ.