ಗಾಳಿಕಲ್ಲು

ದೆವ್ವವನ್ನು ನಂಬದವರಿಗೆ ಒಂದು ತೊಂದರೆಯುಂಟು: ಅದು ಬಂದು ಮೈಮುಟ್ಟಿದರೆ ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ. ನಾನು ಅಂಥ ಬುದ್ಧಿವಂತರಲ್ಲಿ ಒಬ್ಬ. ಜಯನಗರ ಆಗಿನ್ನೂ ಹೊಸ ಬಡಾವಣೆ. ನಮ್ಮ ಮನೆಗೂ ಬಸ್ ಸ್ಟಾಪಿಗೂ ನಡುವೆ ಬರೀ ಖಾಲಿ ಸೈಟುಗಳು, ಒಂದು ಮುದಿ ಹುಣಸೆಮರ. ಸ್ನೇಹಿತನ ಗೃಹಪ್ರವೇಶದಲ್ಲಿ ತುಪ್ಪ ಸುರಿಸಿಕೊಂಡು ಒಬ್ಬಟ್ಟು ಬಾರಿಸಿ, ಮುಸ್ಸಂಜೆಯಲ್ಲಿ ಆ ಮರದ ಕೆಳಗೆ ಬರುತ್ತಿದ್ದೆ. ಹಿಂದಿನಿಂದ ಯಾರೋ ಬಲಭುಜ ಹಿಡಿದರು. ಪರಿಚಯದವರು ಕರೆಯುವಂತೆ ಮೆಲ್ಲಗೆ ಮೊದಲಾದದ್ದು ಬರಬರುತ್ತಾ ಬೆರಳೂರಿ ಹಿಂಡಿತು. ತಿರುಗಿ ನೋಡಿದರೆ ಯಾರೂ ಇಲ್ಲ. "ಯಾರ್ರೀ ಅದು?" ಎಂದೆ. ಯಾವುದಕ್ಕೂ ಇರಲಿ ಎಂದು ಬಹುವಚನವನ್ನೇ ಬಳಸಿದೆ.

ಅಂದಿನಿಂದ ಹಬ್ಬದೂಟ, ಮದುವೆಯೂಟ ಮುಗಿದಾಗಲೆಲ್ಲ ಆ ಕೈ ಬರತೊಡಗಿತು, ಬಾಗಿಲು ಹಾಕಿಕೊಂಡು ಮನೆಯೊಳಗೇ ಇದ್ದರೂ. ಕೊನೆಗೆ ಅಮ್ಮನಿಗೆ ಹೇಳಿದೆ. "ಗಾಳಿ ಸೋಕಿದೆ ಕಣೋ," ಎಂದು ಅವಳು ಜರಗನಹಳ್ಳಿಯಿಂದ ಮಂತ್ರವಾದಿಯನ್ನು ಕರೆಸಿದಳು. ಅವನು ತಾಯಿತ ಕಟ್ಟಿ, "ಬರೀ ಗಂಜಿ ಕುಡೀರಿ ಸ್ವಾಮಿ, ಅದು ಹಸ್ಕೊಂಡು ಹೊರಟ್ಹೋಗ್ತದೆ," ಎಂದ. ನಿಜಕ್ಕೂ ಹೋಯಿತು! ಆ ಧೈರ್ಯದಲ್ಲಿ ಒಂದು ಸಂಜೆ ಬೋಂಡ ತಿಂದೆ. ಭುಜದ ಜೊತೆಗೆ ಹೊಟ್ಟೆಯನ್ನೂ ಹಿಂಡಿ ಜ್ವರ ಬಂತು. ಮೂರನೆಯ ಬೆಳಿಗ್ಗೆ ಕಾಫಿ ತಂದ ಹೆಂಡತಿ ನನ್ನ ಮುಖ ನೋಡಿ, ಲೋಟವನ್ನು ನೆಲದ ಮೇಲಿಟ್ಟು ಹಿಂದೆ ಸರಿದಳು. ಕನ್ನಡಿಯಲ್ಲಿ ನೋಡಿಕೊಂಡೆ. ಎರಡು ಹಳದಿ ಕಣ್ಣುಗಳು ನನ್ನನ್ನು ನೋಡುತ್ತಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರು ಬಲಪಕ್ಕೆಯ ಕೆಳಗೆ ಒತ್ತಿದರು, ನಾನು ಚೀರಿದೆ. "ಗಾಲ್ ಸ್ಟೋನ್," ಎಂದರು.

"ನೋಡಿದ್ಯಾ? ಡಾಕ್ಟ್ರೇ ಗಾಳಿ ಅಂತಿದ್ದಾರೆ!" ಎಂದಳು ಅಮ್ಮ.

ಡಾಕ್ಟರು ನಗಲಿಲ್ಲ. "ಗಾಳಿ ಅಲ್ಲಮ್ಮ, ಗಾಲ್. ಇಂಗ್ಲಿಷಿನಲ್ಲಿ ಪಿತ್ತಕ್ಕೆ ಹಳೇ ಹೆಸರು. ಆ ಪದದ ಬೇರು ಹುಡುಕಿದ್ರೆ ಹಳದಿ ಅನ್ನೋ ಅರ್ಥ ಬರುತ್ತಂತೆ. ನಮ್ಮ ಪಂಡಿತರು ಪಿತ್ತಾಶ್ಮರಿ ಅಂತಾರೆ. ಅಶ್ಮ ಅಂದ್ರೆ ಕಲ್ಲು. ಪಿತ್ತ ಹೆಪ್ಪುಗಟ್ಟಿ ಅದರ ಚೀಲದಲ್ಲೇ ಕಲ್ಲಾಗಿದೆ. ಜಿಡ್ಡು ತಿಂದಾಗ ಚೀಲ ಹಿಂಡುತ್ತೆ, ನೋವು ಭುಜದಲ್ಲಿ ಕಾಣಿಸುತ್ತೆ. ಈಗ ಒಂದು ಕಲ್ಲು ದಾರಿಗಡ್ಡ ಕೂತಿದೆ, ಅದಕ್ಕೇ ಕಣ್ಣು ಹಳದಿ. ತಡ ಮಾಡಿದ್ರೆ ಜೀವ ಉಳಿಯಲ್ಲ."

ಕೊಯ್ದರು, ಉಳಿದೆ. ನಾನು ಕಣ್ಣು ಬಿಟ್ಟಾಗ ಅಮ್ಮ ಒಂದು ಬಟ್ಟಲು ಹಿಡಿದು ಕೂತಿದ್ದಳು. ಅದರ ತುಂಬ ಕಂದುಹಳದಿ ಕಲ್ಲುಗಳು, ಯಾರೋ ಕೂತು ಒಂದಕ್ಕೊಂದು ಹೊಂದುವಂತೆ ಉಜ್ಜಿ ನುಣುಪು ಮಾಡಿದ ಹಾಗೆ.

"ಇವು ಹೊರಗಿಂದ ಹೊಕ್ಕಿದ್ದಲ್ವಾ?"

"ಅಲ್ಲಮ್ಮ, ನನ್ನೊಳಗೇ ಬೆಳೆದದ್ದು."

ಅಮ್ಮ ಬಹಳ ಹೊತ್ತು ನನ್ನನ್ನು ಗುರುತಿಲ್ಲದವನಂತೆ ನೋಡಿದಳು. "ದೆವ್ವನೇ ವಾಸಿಯಾಗಿತ್ತು ಕಣೋ. ಓಡಿಸಬಹುದಿತ್ತು," ಎಂದಳು.

ಈಗ ಎಂಥ ಮುಸ್ಸಂಜೆಯಲ್ಲೂ ಎಲ್ಲಿ ಬೇಕಾದರೂ ನಡೆಯಬಲ್ಲೆ. ಕೋಣೆಯಲ್ಲಿ ಒಬ್ಬನೇ ಕೂರುವುದಕ್ಕೆ ಮಾತ್ರ ಹೆದರಿಕೆ. ಜೊತೆಗೆ ನಾನಿರುತ್ತೇನಲ್ಲ!