ತೆಳ್ಳನೆ ಪೊರೆಯ ಪೈಲ್ವಾನ

ಆಗ ನನಗೆ ಅರವತ್ತಾರು. ಇದಾಗಿ ನಾಲ್ಕು ವರ್ಷ. ನನ್ನ ಅಣ್ಣನ ಮಗ ಯಾರನ್ನು ಬೇಕಾದರೂ ಎತ್ತಿ ಒಗೆಯುವ ಪೈಲ್ವಾನ. ಯಾರನ್ನು ಒಗೆಯುತ್ತಿದ್ದೇನೆ ಎಂಬುದೊಂದೇ ಅವನಿಗೆ ಗೊತ್ತಾಗುವುದಿಲ್ಲ!

ದೂರದ್ದು ಕಾಣದ ಕಣ್ಣು. ಕನ್ನಡಕ ಹಾಕಿಕೊಂಡು ಕುಸ್ತಿ ಆಡಲು ಯಾರು ಬಿಡುತ್ತಾರೆ? ಅದನ್ನು ನನ್ನ ಕೈಗೆ ಕೊಟ್ಟು ಅಖಾಡಕ್ಕೆ ಇಳಿಯುತ್ತಿದ್ದ. ತ್ಯಾವಣಿಗೆಯಲ್ಲಿ ಹೀಗೇ ಇಳಿದವನು ಎದುರಾಳಿಯನ್ನು ಬಿಟ್ಟು, ತೀರ್ಪು ಕೊಡುವ ಯಜಮಾನರನ್ನೇ ಎತ್ತಿ ಕೆಡವಿದ. ಜನ ಶಿಳ್ಳೆ ಹೊಡೆದರು.

"ಲೇ, ನಾನು ಸೀಟಿ ಊದೋನಲೇ!" ಎಂದರು ಯಜಮಾನರು, ಮಣ್ಣಿನಲ್ಲಿ ಮಲಗಿಕೊಂಡೇ.

ಇವನು ಬಗ್ಗಿ, ಅವರ ಮೂಗಿಗೆ ಮೂಗು ತಾಗಿಸಿ ನೋಡಿ, "ಹೌದಲ್ರಿ, ನೀವೇ!" ಎಂದ.

"ಕಣ್ಣು ಸರಿ ಮಾಡಿಸ್ಕೊಂಡು ಬಾ. ಅಲ್ಲೀತನಕ ಅಖಾಡಕ್ಕೆ ಕಾಲಿಡಬ್ಯಾಡ."

ಲೇಸರ್ ಹೊಡೆಸಿದರೆ ಕನ್ನಡಕವೇ ಬೇಡವಂತೆ! ದಾವಣಗೆರೆಯ ಕಣ್ಣಾಸ್ಪತ್ರೆಗೆ ಹೊರಟ. ಜೊತೆಗೆ ನಾನು. ಮಿಷನ್ನಿನ ಮುಂದೆ ಕೂರಿಸಿ ಅಳೆದರು.

"ಲೇಸರ್ ಮಾಡಾಕೆ ಬರಲ್ಲಮ್ಮ. ಕಣ್ಣಿನ ಮುಂದಿನ ಪೊರೆ ಭಾಳ ತೆಳ್ಳಗೈತೆ," ಎಂದರು ಡಾಕ್ಟರಮ್ಮ.

ನನಗೆ ತಲೆಬುಡ ತಿಳಿಯಲಿಲ್ಲ. "ತೆಳ್ಳಗಿದ್ರೆ ತೆಗೆಯಾಕೆ ಸಲೀಸಲ್ಲೇನ್ರಿ? ನನ್ನ ಪೊರೆ ದಪ್ಪ ಇತ್ತು, ಅದನ್ನೇ ತೆಗುದ್ರು."

"ನಿಮ್ದು ಒಳಗಿನ ಪೊರೆ. ಇದು ಮ್ಯಾಲಿಂದು. ಇದು ಇರಬೇಕು."

"ಒಂದು ಕಣ್ಣಿಗೆ ಎಷ್ಟು ಪೊರೆ ಅದಾವ್ರಿ? ಜಗಳೂರು ಈರುಳ್ಳಿಯೇನ್ರಿ ಇದು?"

ಲೇಸರ್ ಆ ಮೇಲಿನ ಪೊರೆಯನ್ನೇ ಸ್ವಲ್ಪ ಹೆರೆಯುತ್ತದಂತೆ. ಹೆರೆದ ಮೇಲೂ ಗಟ್ಟಿ ಉಳಿಯಬೇಕಂತೆ. ಇಲ್ಲವಾದರೆ ಒಳಗಿನ ಒತ್ತಡಕ್ಕೆ ಉಬ್ಬಿ, ಇರುವ ನೋಟವೂ ಕೆಡುತ್ತದಂತೆ. ರೊಟ್ಟಿ ತಟ್ಟುವವಳಿಗೆ ಅಷ್ಟು ತಿಳಿಯದೇ? ತೆಳ್ಳಗಾದ ಕಡೆಯೇ ಅಲ್ಲವೇ ಉಬ್ಬಿ ಹರಿಯುವುದು! ಆದರೆ ದಿನಕ್ಕೆ ಹನ್ನೆರಡು ರೊಟ್ಟಿ ತಿನ್ನುವವನ ಮೈಯಲ್ಲಿ ಕಣ್ಣೊಂದೇ ಯಾಕೆ ತೆಳ್ಳಗಾಯಿತು? ಇದು ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ.

ಇವನು, "ಇನ್ನೂ ತಿಂದು ದಪ್ಪ ಮಾಡ್ಕೊಂಡು ಬರ್ತೀನ್ರಿ!" ಎಂದ.

"ಅದು ಕಣ್ಣಪ್ಪಾ, ತೊಡೆ ಅಲ್ಲ," ಎಂದರು ಡಾಕ್ಟರಮ್ಮ.

ವಾಪಸ್ ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಶುರು ಮಾಡಿದ. "ಬ್ಯಾರೆ ಊರಾಗೆ ಮಾಡ್ತಾರಂತೆ ಅತ್ತೆ. ಹೋಗಿ ಬರ್ತೀನಿ."

"ಹೋಗು. ಕುರುಡಾಗಿ ಬಂದ್ರೆ ಮನಿಗೆ ಸೇರಿಸಲ್ಲ."

ಆಮೇಲೆ ಕನ್ನಡಕ ತೆಗೆದು ಅಂಗಿಗೆ ಒರೆಸುತ್ತಾ ಹೇಳಿದ: "ಇದನ್ನ ತೆಗುದ್ರೆ ಅಖಾಡದಾಗೆ ಯಾರ ಮುಖಾನೂ ಕಾಣಲ್ಲ ಅತ್ತೆ. ನಿನ್ನ ಕೆಂಪು ಸೀರೆ ಒಂದು ಮಬ್ಬು ಮಬ್ಬಾಗಿ ಕಾಣತೈತೆ. ಅದು ಎಲ್ಲಿ ಕೂತೈತೆ ಅಂತ ನೋಡ್ಕೊಂಡೇ ಇಳೀತಿದ್ದೆ. ಇನ್ನ ಅಖಾಡಾನೇ ಇಲ್ಲ, ಅದೂ ಹೋತು."

ಕತ್ತೆ! ಇಷ್ಟು ವರ್ಷ ಒಂದು ಸಲವೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಆ ಸೀರೆಯ ಸೆರಗು ಹರಿದುಕೊಂಡೆ. ಇವನನ್ನು ಎಳೆದುಕೊಂಡು ತ್ಯಾವಣಿಗೆಗೆ ಹೋಗಿ, ಯಜಮಾನರ ತಲೆಗೆ ಅದನ್ನೇ ರುಮಾಲು ಸುತ್ತಿಸಿ ಇವನೆದುರು ನಿಲ್ಲಿಸಿದೆ. "ಕೆಂಪಗೆ ಕಾಣೋದೆಲ್ಲ ನಿಮ್ಮತ್ತೆ ಅನ್ಕೋ," ಎಂದೆ. "ಎತ್ತಿ ಒಗೀಬ್ಯಾಡ."