ಮಾವನವರ ಕಾರಿನ ಎಣ್ಣೆದೀಪಗಳು

ಕೆಲವು ಆಸೆಗಳನ್ನು ಬಾಯಿಬಿಟ್ಟು ಹೇಳಲು ಮೀಸೆ ಬಂದ ಮೇಲೂ ನಾಚಿಕೆ. ನಾನು ಆಸೆಪಟ್ಟಿದ್ದು ಹೆಬ್ಬೆರಳುದ್ದದ ಒಂದು ಕತ್ತರಿಗೆ. ಅದು ತರೀಕೆರೆಯ ನಮ್ಮ ಮಾವನವರ ಸೊಂಟದ ಚೀಲದಲ್ಲಿ, ವಿಭೂತಿಗಟ್ಟಿಯ ಪಕ್ಕದಲ್ಲಿರುತ್ತಿತ್ತು. ಎಪ್ಪತ್ತರ ದಶಕದ ಮಾತು. ಕೊಬ್ಬರಿ ವ್ಯಾಪಾರದ ಮಾವನವರಿಗೆ ಅವರಪ್ಪನ ಕಾಲದ ಕಾರೊಂದಿತ್ತು. ಅದಕ್ಕೆ ಮುಂದೆರಡು, ಹಿಂದೊಂದು ಹಿತ್ತಾಳೆಯ ಸೀಮೆಎಣ್ಣೆ ದೀಪ. ಕತ್ತರಿ ಆ ದೀಪದ ಬತ್ತಿಗಳಿಗೇ ಮೀಸಲು. ಕಡೂರಿನಲ್ಲಿ ಮೇಷ್ಟ್ರಾಗಿದ್ದ ನನಗೆ ಓಡಿಸಲು ಕಾರನ್ನೇ ಕೊಟ್ಟುಬಿಡುತ್ತಿದ್ದರು. ದೀಪ ಮಾತ್ರ ಮುಟ್ಟಗೊಡುತ್ತಿರಲಿಲ್ಲ.

ಮುಟ್ಟದಿದ್ದರೇನು, ನೋಡಬಹುದಿತ್ತಲ್ಲ. ಹಿತ್ತಾಳೆಗೆ ಹುಣಸೆಹಣ್ಣು, ಗಾಜಿಗೆ ವಿಭೂತಿ. ಎಣ್ಣೆಯನ್ನು ಹಳೇ ಪಂಚೆಯ ಚೂರಿನಲ್ಲಿ ಸೋಸಿ ಹುಯ್ಯುವರು. ಬತ್ತಿಯನ್ನು ನೇರಕ್ಕೆ ಕತ್ತರಿಸಿ, ಎರಡು ಮೂಲೆಗಳನ್ನು ಕೂದಲೆಳೆಯಷ್ಟು ತೆಗೆಯುವರು. ಆಗ ಅಮಲ್ದಾರರೇ ಬಂದರೂ ಅವರು ತಲೆ ಎತ್ತುತ್ತಿರಲಿಲ್ಲ. ನಾನಂತೂ ಕಾಫಿ ಆರಿಹೋದರೂ ಅಲ್ಲೇ ನಿಂತಿರುತ್ತಿದ್ದೆ.

ಒಮ್ಮೆ ಮಾವನವರ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಎರಡೂ ಕಣ್ಣಿಗೆ ಹಸಿರು ಬಟ್ಟೆ. ಆ ವಾರವೇ ಅಜ್ಜಂಪುರದಲ್ಲಿ ನೆಂಟರ ಗೃಹಪ್ರವೇಶ. "ಬತ್ತಿ ಮೊನ್ನೆನೇ ಕತ್ತರಿಸೀನಿ. ಎಣ್ಣೆ ನೀವು ಹಾಕಿ. ಚೆಂದಾಗಿ ಉರಿಸಿದ್ರೆ ಕತ್ತರಿ ನಿಮ್ಮದೇ," ಅಂದರು. ನನಗೆ ಮಠದ ಪಟ್ಟ ಸಿಕ್ಕಷ್ಟು ಸಂತೋಷ. ಪಂಚನಹಳ್ಳಿಯ ನಮ್ಮಜ್ಜಿ, ದೀಪಕ್ಕೆ ಎಣ್ಣೆ ಕಡಿಮೆ ಹಾಕುವುದೆಂದರೆ ನೆಂಟರಿಗೆ ಅರೆಹೊಟ್ಟೆ ಬಡಿಸಿದ ಹಾಗೆ ಎನ್ನುತ್ತಿದ್ದಳು. ಅವಳ ಮೊಮ್ಮಗನಲ್ಲವೇ ನಾನು, ಮೂರೂ ದೀಪಗಳಿಗೆ ಕಂಠಮಟ್ಟ ತುಂಬಿಸಿದೆ.

ವಾಪಸು ಹೊರಟಾಗ ಮುಸ್ಸಂಜೆ. ದೀಪ ಹಚ್ಚಿ ಬೀಗುತ್ತಾ ಸ್ಟೀರಿಂಗ್ ಹಿಡಿದೆ. ರಸ್ತೆ ಕುಲುಕಿದಂತೆಲ್ಲ ಎಣ್ಣೆಯೂ ತುಳುಕಿತು. ಜ್ವಾಲೆ ಬಗ್ ಎಂದು ಎದ್ದು ಹೊಗೆಯುಗುಳಿತು. ನಾನು ಕಂಡೂ ಕಾಣದವನಂತೆ ಹಾರ್ನ್ ಒತ್ತಿದೆ. ಹಿಂದಿನ ಸೀಟಿನಿಂದ, ಕಣ್ಣು ಕಟ್ಟಿಕೊಂಡೇ, ಮಾವನವರು ಮೂಗರಳಿಸಿದರು. "ನಿಲ್ಸಿ ಅಳಿಯಂದಿರೇ. ಎಡಗಡೆ ದೀಪಕ್ಕೆ ಉಸಿರು ಕಟ್ಟೈತೆ."

ಇಳಿದು ನೋಡಿದರೆ ಎಡಗಡೆಯದೇ. ಗಾಜು ಹೇಗಿದೆ ಎಂದು ಮಾವನವರು ಜೊತೆಗಿಳಿದ ಮಗಳನ್ನು ಕೇಳಿದರು. "ನಿಮ್ಮಳಿಯಂದಿರ ಮುಖದಂಗೈತೆ ಕಣಪ್ಪಾ," ಅಂದಳು ನನ್ನ ಹೆಂಡತಿ ಗಿರಿಜೆ.

ದೀಪ ಆರಿಸಿ, ತಣ್ಣಗಾಗುವವರೆಗೆ ಮಾವನವರು ಕೈಕಟ್ಟಿ ನಿಂತರು. ಆಮೇಲೆ ಬೆರಳದ್ದಿ ನೋಡಿ, ಮೂರೂ ದೀಪಗಳಿಂದ ಎರಡೆರಡು ಬೆರಳಿನಷ್ಟು ಎಣ್ಣೆ ಚೆಲ್ಲಿಸಿದರು. ಬತ್ತಿಯನ್ನು ಸವರಿ ಸವರಿಯೇ ಕತ್ತರಿಸಿದರು. ನೇರ ಒಂದು, ಮೂಲೆಗೆರಡು. ಗಿರಿಜೆ ಕಡ್ಡಿ ಗೀರಿದಳು. ಅವರೆಕಾಳಿನ ಗಾತ್ರದ ಜ್ವಾಲೆ ನಿಂತಿತು, ಬಯಲುಗಾಳಿಗೂ ಅಲುಗಲಿಲ್ಲ. ಕಣ್ಣಿದ್ದ ನಾನು ಕೈಮುಗಿಯುವುದೊಂದು ಬಾಕಿ.

"ಎಣ್ಣೆಯಷ್ಟೇ ಗಾಳಿನೂ ಬೇಕು ಅದಕ್ಕೆ," ಅಂದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕತ್ತರಿ ನನ್ನ ಮೂಗಿನ ಮುಂದೆಯೇ ಹಾದು ಗಿರಿಜೆಯ ಕೈ ಸೇರಿತು. ಗಾಜು ಒರೆಸಲು ನನ್ನತ್ತ ಪಂಚೆಯ ಚೂರು ಬಂತು.

ಈಗ ಆ ಕಾರು ನಮ್ಮ ಮನೆಯಲ್ಲೇ ಇದೆ. ಬತ್ತಿ, ಎಣ್ಣೆ ಅವಳ ಖಾತೆ. ಮಸಿ ಒರೆಸುವುದರಲ್ಲಿ ಮಾತ್ರ, ಹೇಳಿಕೊಳ್ಳಬಾರದು, ಈ ಮೂರು ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ.